ತೋಳಿನೊಳಗಿನ ಸಾಬೂದಾನಿ ಕಾಳು

ನನ್ನ ತಮ್ಮ ಓಂಕಾರಪ್ಪ ಗದಗಿನ ಕಡೆಯಿಂದ ಕೆಲಸ ಹುಡುಕಿಕೊಂಡು ವಿಜಯವಾಡಕ್ಕೆ ಬಂದವನು. ಇಬ್ರಾಹಿಂಪಟ್ಟಣದ ಥರ್ಮಲ್ ಸ್ಟೇಷನ್ನಿನಲ್ಲಿ ಬಾಯ್ಲರ್ ಫಿಟ್ಟರ್ ಆದ. ಅವನ ಹೆಂಡತಿ ಮಗಳನ್ನು ಹೆತ್ತು ಬಹಳ ದಿನ ಉಳಿಯಲಿಲ್ಲ. ಗಂಡನನ್ನು ಕಳೆದುಕೊಂಡು ತವರಿನಲ್ಲಿದ್ದ ನಾನು ಆ ಕೂಸನ್ನು ಸಾಕಲು ಹೋದೆ, ಅಲ್ಲಿಯವಳೇ ಆದೆ. ಕೂಸಿಗೆ ಹೇಮಾಕ್ಷಿ ಎಂದು ಹೆಸರಿಟ್ಟಿದ್ದರು. ಮನೆಯಲ್ಲಿ ನಮ್ಮ ಕನ್ನಡ, ಬೀದಿಯಲ್ಲಿ ತೆಲುಗು. ದೊಡ್ಡವಳಾಗುತ್ತ ಅವಳಿಗೆ ತೆಲುಗೇ ಬಲವಾಯಿತು. ಸಿಟ್ಟು ಬಂದರೆ ತೆಲುಗಿನಲ್ಲಿ ಬೈದು, ಹಸಿವಾದರೆ ಕನ್ನಡದಲ್ಲಿ ಕೇಳುತ್ತಿದ್ದಳು.

ಊರು ಬಿಟ್ಟರೂ ನಾವು ಊಟ ಬಿಡಲಿಲ್ಲ. ಜೋಳದ ರೊಟ್ಟಿ, ಪಲ್ಯ, ತಟ್ಟೆಯ ಬದಿಗೆ ಹಸಿ ಮೆಂತ್ಯ, ಉಳ್ಳಾಗಡ್ಡಿ ತಪ್ಪಲು, ಮೂಲಂಗಿ. ಇವನ್ನು ಬೇಯಿಸುವುದಿಲ್ಲ, ರೊಟ್ಟಿಯ ಜೊತೆ ಹಸಿಯಾಗಿಯೇ ಕಚ್ಚಿ ತಿನ್ನುವುದು. ನಮ್ಮ ಕಡೆ ಹೊಲದಲ್ಲಿ ಕಿತ್ತು ಸೆರಗಿಗೆ ಒರೆಸಿ ಬಾಯಿಗೆ ಹಾಕಿಕೊಳ್ಳುತ್ತಿದ್ದೆವು. ಇಲ್ಲಿ ಕಾಲುವೆಯ ದಡದ ಮಡಿಗಳಿಂದ ಬುಟ್ಟಿಯಲ್ಲಿ ಸೊಪ್ಪು ಬರುತ್ತಿತ್ತು. ಮಣ್ಣು ಉದುರಿಸಿ, ನೀರು ಜಾಡಿಸಿ ತಟ್ಟೆಗೆ ಹಾಕಿದರೆ ಆಯಿತು.

ಹೇಮಾಕ್ಷಿ ಓದಿ ವಿಶಾಖಪಟ್ಟಣಕ್ಕೆ ಹೋದಳು. ಋಷಿಕೊಂಡದ ಗುಡ್ಡದ ಮೇಲೆ ಕಂಪ್ಯೂಟರ್ ಆಫೀಸಿನಲ್ಲಿ ಕೆಲಸ. ಅಲ್ಲಿ ಚರಣ್ ಪರಿಚಯವಾದ. ಕೊಡಗಿನ ಹುಡುಗ, ನೇವಿಯಲ್ಲಿದ್ದ. ಮದುವೆಯ ಮಾತು ಬಂದಾಗ ಓಂಕಾರಪ್ಪ ಹುಡುಗನ ಸಂಬಳ ಕೇಳಲಿಲ್ಲ, ಮನೆತನ ಕೇಳಲಿಲ್ಲ. ಅವರ ಊಟ ಏನು ಎಂದು ಕೇಳಿದ. ನಾವು ಲಿಂಗವಂತರು. ಓಂಕಾರಪ್ಪ ಬೆಳಗಿನ ಲಿಂಗಪೂಜೆ ಆಗದೆ ಚಹಾ ಸಹ ಕುಡಿಯುವವನಲ್ಲ.

"ಹಂದಿ ತಿನ್ನೋರ ಮನಿಗೆ ಮಗಳನ್ನ ಕೊಡಂಗಿಲ್ಲ," ಎಂದ.

"ಕೊಡೂದು ಬ್ಯಾಡ ಅಪ್ಪಾ," ಎಂದಳು ಹೇಮಾಕ್ಷಿ. "ನಾನ ಹೋಗ್ತೀನಿ."

ರಿಜಿಸ್ಟ್ರಾರ್ ಆಫೀಸಿನಲ್ಲಿ ಸಹಿ ಆದ ದಿನ ಓಂಕಾರಪ್ಪ ಬಂದಿದ್ದ, ಆದರೆ ಬಾಗಿಲ ಹತ್ತಿರವೇ ನಿಂತಿದ್ದ. ಚರಣ್ ಕಾಲಿಗೆ ಬೀಳಲು ಬಂದಾಗ ಅವನು ಆಡಿದ್ದು ಇಷ್ಟು:

"ನೀವೇನರ ತಿನ್ರಿ, ಅದು ನಿಮ್ಮ ಮಾತು. ನನ್ನ ಮಗಳ ಬಾಯಾಗ ಅದು ಒಂದು ದಿನ ಬಿತ್ತಂದ್ರ, ಅವತ್ತ ಬಂದು ಕರ್ಕೊಂಡು ಹೋಗ್ತೀನಿ. ಯಾರ್ ಹೇಳಿದ್ರೂ ಕೇಳಂಗಿಲ್ಲ."

"ಆಗಲಿ ಮಾವ," ಎಂದ ಚರಣ್. "ಅವಳಿಗೆ ಬೇಡದ್ದನ್ನ ನಾನ್ಯಾಕೆ ತಿನ್ನಿಸಲಿ."

ಆಮೇಲೆ ಹಬ್ಬಕ್ಕೆ ಅವರಿಬ್ಬರೂ ನಮ್ಮಲ್ಲಿಗೆ ಬರುತ್ತಿದ್ದರು. ಓಂಕಾರಪ್ಪ ಮಾತ್ರ ಅವರ ಮನೆಯ ಹೊಸ್ತಿಲು ತುಳಿಯಲಿಲ್ಲ. ನಮ್ಮ ತಟ್ಟೆಯ ಹಸಿ ಸೊಪ್ಪನ್ನು ಚರಣ್ ಬೆರಳಿನಿಂದ ಆಚೆ ಸರಿಸಿ, "ಅತ್ತೆ, ನಮ್ಮೂರಲ್ಲಿ ಹೀಗೆ ತಿನ್ನೋದು ಮೇಕೆ ಮಾತ್ರ," ಎನ್ನುತ್ತಿದ್ದ.

"ಮ್ಯಾಕಿ ಛಲೋ ಪ್ರಾಣಿ," ಓಂಕಾರಪ್ಪ ತಲೆ ಎತ್ತದೆ ಹೇಳುತ್ತಿದ್ದ. "ಸೊಪ್ಪು ತಿಂತೈತಿ, ಸುಮ್ನಿರ್ತೈತಿ."

ಎರಡು ಸಾವಿರದ ಎಂಟನೆಯ ಇಸವಿ, ಮಳೆ ಹಿಂದಾದ ಕಾಲ. ಹೇಮಾಕ್ಷಿಯ ಫೋನು ಬಂತು. ಎಡತೋಳಿನಲ್ಲಿ ಒಂದು ಗಂಟು ಆಗಿದೆ, ಮುಟ್ಟಿದರೆ ನೋಯುತ್ತದೆ. ಸರ್ಜನ್ ನೋಡಿ ಕೊಯ್ದು ತೆಗೆಯಬೇಕೆಂದಿದ್ದಾರೆ, ತೆಗೆದದ್ದನ್ನು ಪರೀಕ್ಷೆಗೆ ಕಳಿಸುತ್ತಾರಂತೆ. ಯಾವುದರ ಪರೀಕ್ಷೆ ಎಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ರೋಗದ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಓಂಕಾರಪ್ಪ ಅಂದೇ ರಜೆ ಹಾಕಿದ. ನಾವಿಬ್ಬರೂ ರೈಲು ಹತ್ತಿ ವಿಶಾಖಪಟ್ಟಣಕ್ಕೆ ಹೋದೆವು. ಚರಣ್ ಸ್ಟೇಷನ್ನಿಗೆ ಬಂದು ಕ್ವಾರ್ಟರ್ಸಿಗೆ ಕರೆದ. ಓಂಕಾರಪ್ಪ ಒಲ್ಲೆನೆಂದು ಸಿಂಹಾಚಲದ ಛತ್ರದಲ್ಲಿ ಕೋಣೆ ಹಿಡಿದ.

ಮರುದಿನ ಆಸ್ಪತ್ರೆ. ಕೊಯ್ಯುವ ಮುಂಚೆ ಒಮ್ಮೆ ಸ್ಕ್ಯಾನ್ ಆಗಲಿ ಎಂದು ಸರ್ಜನ್ ಬರೆದುಕೊಟ್ಟಿದ್ದರು. ಸ್ಕ್ಯಾನ್ ಕೋಣೆಯ ಮುಂದೆ ನಾವು ಮೆಲ್ಲಗೆ ಮಾತಾಡುತ್ತ ಕೂತಿದ್ದಾಗ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಬಾಗಿಲಿನಿಂದ ಕತ್ತು ಹೊರಗೆ ಹಾಕಿದಳು.

"ನೀವು ಕನ್ನಡದವರಾ? ನಾನು ಮೇಧಾ ಅಂತ, ತುಮಕೂರು. ಇಲ್ಲಿಗೆ ಬಂದ ಮೇಲೆ ಕನ್ನಡ ಕಿವಿಗೆ ಬಿದ್ದೇ ಇಲ್ಲ. ಬನ್ನಿ, ಎಲ್ಲರೂ ಒಳಗೆ ಬನ್ನಿ."

ಹೇಮಾಕ್ಷಿಯನ್ನು ಮಲಗಿಸಿ ತೋಳಿಗೆ ತಣ್ಣನೆಯ ಅಂಟು ಹಚ್ಚಿದಳು. ಇಸ್ತ್ರಿಪೆಟ್ಟಿಗೆಯ ಮರಿಯಂಥದೊಂದನ್ನು ಅದರ ಮೇಲೆ ಆಡಿಸತೊಡಗಿದಳು. ಪರದೆಯ ಮೇಲೆ ಬೂದಿ ಬಣ್ಣದ ಗೆರೆಗಳು ಹರಿದಾಡಿದವು. ಅವು ತೋಳಿನ ಮಾಂಸಖಂಡದ ಎಳೆಗಳು ಎಂದಳು. ಚರಣ್ ಹೇಮಾಕ್ಷಿಯ ಕಾಲ ಬಳಿ ನಿಂತಿದ್ದ. ಓಂಕಾರಪ್ಪ ಗೋಡೆಗೆ ಒರಗಿ ಸೂರು ನೋಡುತ್ತಿದ್ದ. ಪರದೆ ನೋಡುವ ಧೈರ್ಯ ಅವನಿಗೆ ಇರಲಿಲ್ಲ.

ಮೇಧಾಳ ಕೈ ಒಂದು ಕಡೆ ನಿಂತಿತು. ಸ್ವಲ್ಪ ಆಚೆ ಹೋಯಿತು, ಮತ್ತೆ ಅಲ್ಲಿಗೇ ಬಂತು.

"ಅಮ್ಮ, ಇಲ್ನೋಡಿ. ಇದು ಗಡ್ಡೆ ಅಲ್ಲ, ನೀರು ತುಂಬಿದ ಚೀಲ. ಒಳಗೆ ಗೋಡೆಗೆ ಅಂಟ್ಕೊಂಡು ಬೆಳ್ಳಗೆ ಒಂದು ಚುಕ್ಕೆ ಇದೆಯಲ್ಲ, ಕಾಣ್ತಾ?"

ಕಂಡಿತು. ಸಾಬೂದಾನಿ ನೆನೆಹಾಕಿದಾಗ ಕಾಳು ಸುತ್ತ ತಿಳಿಯಾಗಿ ನಡುವೆ ಬಿಳಿ ಉಳಿಯುತ್ತದಲ್ಲ, ಹಾಗೆ. ಪರದೆಯಲ್ಲಿ ಆ ತಿಳಿಯ ಜಾಗ ಕಪ್ಪಾಗಿತ್ತು, ಅಷ್ಟೇ ವ್ಯತ್ಯಾಸ.

"ನೆನೆಹಾಕಿದ ಸಾಬೂದಾನಿ ಇದ್ದಂಗ ಐತಿ," ಎಂದೆ.

"ಹೂಂ ಅಮ್ಮ, ಸಬ್ಬಕ್ಕಿ ಥರಾನೇ. ಆ ಚುಕ್ಕೆ ಹುಳದ ತಲೆ. ಅದು ಕಾಣಿಸ್ತು ಅಂದ್ರೆ ಬೇರೆ ಯೋಚನೆ ಬೇಡ. ಕೊಯ್ಯೋ ಅಗತ್ಯ ಬರಲ್ಲ ಅನ್ಸುತ್ತೆ, ಸರ್ಜನ್ ಹತ್ರ ನಾನು ಮಾತಾಡ್ತೀನಿ. ಗುಳಿಗೆಯಲ್ಲಿ ಹೋಗುತ್ತೆ."

"ಕ್ಯಾನ್ಸರ್ ಕಾದಾ?" ಕ್ಯಾನ್ಸರ್ ಅಲ್ಲವಾ ಎಂದು ಹೇಮಾಕ್ಷಿ ತೆಲುಗಿನಲ್ಲಿ ಕೇಳಿದಳು.

"ಅಲ್ಲ. ಖಂಡಿತ ಅಲ್ಲ."

ನಾವು ಬಾಯಿಬಿಡದ ಹೆಸರನ್ನು ಹೇಮಾಕ್ಷಿಯೇ ಹೇಳಿ, ಡಾಕ್ಟರಮ್ಮನಿಂದ ಅಳಿಸಿಕೊಂಡಳು. ಚರಣ್ ಹೇಮಾಕ್ಷಿಯ ಪಾದವನ್ನು ಹಿಡಿದುಕೊಂಡ. ಓಂಕಾರಪ್ಪ ಸೂರಿನಿಂದ ಕಣ್ಣು ಇಳಿಸಿ ಅಂಗಿಯ ಮೇಲಿಂದಲೇ ಎದೆಯ ಲಿಂಗವನ್ನು ಮುಟ್ಟಿಕೊಂಡ. ಅಷ್ಟು ಹೊತ್ತು ಆ ಕೋಣೆಯಲ್ಲಿ ಎಲ್ಲರೂ ಒಂದೇ ಮನೆಯವರಾಗಿದ್ದೆವು.

"ಯಾವ ಹುಳ ರೀ ಅದು?" ಓಂಕಾರಪ್ಪ ಕೇಳಿದ.

"ಹಂದಿ ಲಾಡಿಹುಳ ಅಂತಾರೆ. ಅದರ ಮರಿ."

ಓಂಕಾರಪ್ಪ ಚರಣ್ ಕಡೆ ತಿರುಗಿದ.

"ಹೊರಗ ಬಾ."

ಹೊರಗೆ ಕಾರಿಡಾರಿನಲ್ಲಿ ಅವನು ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

"ನಾ ಏನಂದಿದ್ದೆ ನಿನಗ?"

"ನೆನಪಿದೆ ಮಾವ. ನಾನು ತಿಂತೀನಿ, ಸುಳ್ಳು ಹೇಳಲ್ಲ. ಅವಳಿಗೆ ಒಂದು ತುತ್ತೂ ಕೊಟ್ಟಿಲ್ಲ. ನನ್ನ ಪಾತ್ರೆ ಬೇರೆ, ಅವಳದ್ದು ಬೇರೆ. ನಂದು ಬೇಯೋದು ಬಾಲ್ಕನಿಯಲ್ಲಿ."

"ಹಂಗಾರ ಹಂದಿ ಹುಳ ಬಾಲ್ಕನಿಲಿಂದ ಹಾರಿ ಆಕಿ ತೋಳಾಗ ಕುಂತೇನು?"

ಅಷ್ಟರಲ್ಲಿ ಹೇಮಾಕ್ಷಿ ತೋಳು ಒರೆಸಿಕೊಳ್ಳುತ್ತ ಹೊರಬಂದಳು.

"ನಾ ತಿಂದಿದ್ರ ತಿಂದೀನಿ ಅಂತಿದ್ದೆ ಅಪ್ಪಾ. ನಿಮಗ ಅಂಜಿ ಮದುವಿ ಬಿಟ್ಟೀನೇನು, ಇದಕ್ಕ ಅಂಜಾಕ?"

"ನಾಳೆ ಮಧ್ಯಾಹ್ನದ ಗಾಡಿಗೆ ಹೋಗೂಣು," ಎಂದ ಓಂಕಾರಪ್ಪ. "ಗುಳಿಗಿ ವಿಜಯವಾಡದಾಗೂ ಸಿಗ್ತಾವು."

ಒಳಗಿನಿಂದ ಮೇಧಾ ಬಂದು, ಬೆಳಿಗ್ಗೆ ಮತ್ತೆ ಬರಬೇಕೆಂದಳು. ಗುಳಿಗೆ ಕೊಡುವ ಮುಂಚೆ ಈ ಚೀಲಗಳು ತಲೆಯಲ್ಲಿ, ಕಣ್ಣಿನಲ್ಲಿ ಇಲ್ಲವೆಂದು ನೋಡಲೇಬೇಕು. ಅಲ್ಲಿದ್ದಾಗ ಗುಳಿಗೆ ಕೊಟ್ಟರೆ ಅಪಾಯ. ಚರಣ್ ಅವಳನ್ನು ಪಕ್ಕಕ್ಕೆ ಕರೆದು ಏನೋ ಕೇಳಿದ. ಆಮೇಲೆ ಒಬ್ಬನೇ ಲ್ಯಾಬಿನ ಕಡೆ ಹೋದ.

ಸಂಜೆ ಛತ್ರದ ಜಗಲಿಯಲ್ಲಿ ಕೂತಿದ್ದೆವು. ಗುಡ್ಡದ ಗುಡಿಗೆ ಹೋಗುವ ಜನ ಬಾಳೆಹಣ್ಣು, ತೆಂಗಿನಕಾಯಿ ಹಿಡಿದು ಮುಂದೆಯೇ ಹಾಯುತ್ತಿದ್ದರು. ಓಂಕಾರಪ್ಪನೂ ಬೆಳಿಗ್ಗೆ ಆ ಕಡೆ ನಿಂತು ಕೈ ಮುಗಿದಿದ್ದ.

"ಯಾರಿಗೆ ಕೈ ಮುಗದಿ, ಗೊತ್ತೈತಿಲ್ಲೋ?" ಎಂದೆ. "ಒಳಗಿರಾಂವ ವರಾಹ ದೇವರು. ಹಂದಿ ಮಾರಿ ದೇವರು ನಡೀತೈತಿ, ಹುಳದ ಹೆಸರು ಕೇಳಿದ್ರ ಮೈ ಉರೀತೈತಿ."

"ದೇವರ ಮಾತು ಬ್ಯಾರೆ ಅಕ್ಕಾ."

"ಹೂಂ. ನಮಗ ಬೇಕಾದಾಗ ಬ್ಯಾರೆನ."

"ನೀ ಯಾರ ಕಡೆ?"

"ಕೂಸಿನ ಕಡೆ."

ಅವನು ಗುಡ್ಡದ ಕಡೆ ನೋಡಿದ. ಆಮೇಲೆ ಹೇಳಿದ: "ಆಕಿ ತಿಂದಿಲ್ಲಂತ ನನಗೂ ಅನಸ್ತೈತಿ. ಆದ್ರ ಮಿಷನ್ ಹಂದಿ ಹುಳ ತೋರಿಸ್ತು. ಎರಡರಾಗ ಒಂದು ಸುಳ್ಳಾಗಬೇಕಲ್ಲ. ಮಿಷನ್ ಯಾಕ ಸುಳ್ಳು ಹೇಳ್ತೈತಿ?"

ಬೆಳಿಗ್ಗೆ ಹೇಮಾಕ್ಷಿಯ ತಲೆಯ ಸ್ಕ್ಯಾನ್ ಆಯಿತು, ಕಣ್ಣಿನ ಡಾಕ್ಟರು ನೋಡಿದರು. ಎರಡೂ ಕಡೆ ಏನೂ ಇರಲಿಲ್ಲ. ಮೇಧಾ ನಮ್ಮೆಲ್ಲರನ್ನೂ ತನ್ನ ಕೋಣೆಯಲ್ಲಿ ಕೂರಿಸಿ ನನ್ನನ್ನು ಕೇಳಿದಳು, "ಅಮ್ಮ, ಮನೇಲಿ ಹಸೀದು ಏನೇನು ತಿಂತೀರ?"

ಹೇಳಿದೆ. ಮೆಂತ್ಯ, ಮೂಲಂಗಿ, ಉಳ್ಳಾಗಡ್ಡಿ ತಪ್ಪಲು, ಸೌತೆ. ಕಾಲುವೆಯ ದಡದ ಮಡಿ. ಅಲ್ಲಿ ಹಂದಿಗಳು ಹೊರಳುವುದು, ಜನ ಬಯಲಿಗೆ ಕೂರುವುದು, ಆ ನೀರನ್ನೇ ಮಡಿಗೆ ಬಿಡುವುದು. ಹೇಳುತ್ತ ಹೋದಂತೆ ನನ್ನ ದನಿ ಸಣ್ಣದಾಯಿತು.

"ನೀವು ಹಂದಿ ಮಾಂಸದ ಬಗ್ಗೆ ಯೋಚನೆ ಮಾಡ್ತಿದ್ದೀರ," ಎಂದಳು ಮೇಧಾ, ಓಂಕಾರಪ್ಪನ ಕಡೆ ತಿರುಗಿ. "ಹಂದಿ ಮಾಂಸ ಸರಿಯಾಗಿ ಬೇಯಿಸದೆ ತಿಂದ್ರೆ ಹೊಟ್ಟೆಯಲ್ಲಿ ಉದ್ದ ಹುಳ ಬೆಳೆಯುತ್ತೆ. ಅದು ಬೇರೆ ತೊಂದರೆ. ತೋಳಲ್ಲಿ ಈ ಚೀಲ ಆಗೋದು ಹುಳದ ಮೊಟ್ಟೆ ಬಾಯಿಗೆ ಹೋದ್ರೆ. ಹೊಟ್ಟೆಯಲ್ಲಿ ಹುಳ ಇರೋ ಯಾರೋ ಬಯಲಿಗೆ ಹೋಗ್ತಾರೆ. ಮೊಟ್ಟೆ ಮಣ್ಣಿಗೆ, ನೀರಿಗೆ, ಸೊಪ್ಪಿಗೆ ಬರುತ್ತೆ. ಹಸಿಯಾಗಿ ತಿಂದವರ ಮೈ ಸೇರುತ್ತೆ. ಅವರು ಮಾಂಸವನ್ನ ಕಣ್ಣಲ್ಲೂ ನೋಡಿರಬೇಕಿಲ್ಲ."

ಓಂಕಾರಪ್ಪ ಬಾಯ್ಲರಿನ ಕೆಲಸದವನು. ಎಲ್ಲಿ ಸೋರುತ್ತದೆ ಎಂದು ಹುಡುಕುವ ರೂಢಿ. ಸ್ವಲ್ಪ ಯೋಚಿಸಿ ಕೇಳಿದ, "ಆ ಹೊಟ್ಟ್ಯಾಗ ಹುಳ ಇರೋ ಮನಷ್ಯಾ ಮನ್ಯಾಗ ಇದ್ದರ?"

ಮೇಧಾ ಅಡಗಿಸಲಿಲ್ಲ. "ಅವರ ಕೈಯಿಂದಲೂ ಬರಬಹುದು. ಅದಕ್ಕೇ ಚರಣ್ ಅವರು ನಿನ್ನೆ ತಾವಾಗಿಯೇ ಮಲ ಪರೀಕ್ಷೆಗೆ ಕೊಟ್ಟಿದ್ದಾರೆ. ಅದರಲ್ಲಿ ಏನೂ ಇಲ್ಲ. ಒಂದೇ ಸಲಕ್ಕೆ ಪೂರ್ತಿ ಹೇಳೋಕಾಗಲ್ಲ, ಮತ್ತೆ ನೋಡ್ತೀವಿ."

"ಮತ್ತ ನೋಡಬೇಕಂದ್ರ, ಇನ್ನೂ ಗೊತ್ತಿಲ್ಲಂತ ಆತಲ್ಲ," ಎಂದ ಓಂಕಾರಪ್ಪ. ಚರಣ್ ತಲೆ ತಗ್ಗಿಸಿ ಕೈಯಲ್ಲಿದ್ದ ಚೀಟಿಯನ್ನು ಮಡಿಸಿದ.

"ಮನೇಲಿ ಬೇರೆ ಯಾರಿಗಾದ್ರೂ ಚರ್ಮದ ಕೆಳಗೆ ಗಂಟು ಇದೆಯಾ?" ಮೇಧಾ ಕೇಳಿದಳು.

ನಾನು ಓಂಕಾರಪ್ಪನನ್ನು ನೋಡಿದೆ. ದೀಪಾವಳಿಗೆ ಎಣ್ಣೆ ಹಚ್ಚುವಾಗಲೆಲ್ಲ ಅವನ ಬೆನ್ನಿನಲ್ಲಿ, ಪಕ್ಕೆಲುಬಿನ ಮೇಲೆ, ಕಾಳಿನಂಥದೊಂದು ಕೈಗೆ ಸಿಗುತ್ತಿತ್ತು.

"ಇವನ ಬೆನ್ನಾಗ ಐತಿ," ಎಂದೆ. "ಕೂಸು ಸಾಲಿಗೆ ಹೋಗೂದಕ್ಕೂ ಮೊದಲಿಂದ ಐತಿ."

"ಅದು ಕೊಬ್ಬಿನ ಗಂಟು," ಎಂದ ಓಂಕಾರಪ್ಪ.

"ಒಮ್ಮೆ ನೋಡೋಣ."

"ನೋಡೂದೇನ್ರಿ ಡಾಕ್ಟರ? ಹುಟ್ಟಿದಾಗಿಂದ ನಾ ತತ್ತಿ ಸೈತ ಮುಟ್ಟಿದಾಂವಲ್ಲ."

"ನನ್ನ ತೋಳು ನೋಡಬೌದು, ನಿಮ್ಮ ಬೆನ್ನು ನೋಡಬಾರದೇನು?" ಎಂದಳು ಹೇಮಾಕ್ಷಿ.

ಅವನು ಎದ್ದು ಅಂಗಿಯ ಗುಂಡಿ ಬಿಚ್ಚಿದ. "ನೋಡ್ರಿ. ನೋಡಿ ಈ ಹುಡುಗಗ ತೋರಸ್ರಿ, ಶುದ್ಧ ಮೈ ಹೆಂಗಿರ್ತೈತಿ ಅಂತ."

ಬೋರಲಾಗಿ ಮಲಗಲು ಎದೆಯ ಮೇಲಿನ ಲಿಂಗದ ಕರಡಿಗೆ ಒತ್ತುತ್ತಿತ್ತು. ಸಿಸ್ಟರ್ ಅದನ್ನು ತೆಗೆದಿಡಿ ಎಂದಾಗ ಅವನು ಎದ್ದು ಕೂತುಬಿಟ್ಟ. "ತೆಗೆಯೋದು ಬೇಡ, ಕೈಯಲ್ಲಿ ಹಿಡ್ಕೊಳ್ಳಲಿ," ಎಂದಳು ಮೇಧಾ. ಹಾಗೆ, ಬಲಗೈ ಮುಷ್ಟಿಯಲ್ಲಿ ಕರಡಿಗೆ ಹಿಡಿದು, ಕೆನ್ನೆ ಹಾಸಿಗೆಗೆ ಊರಿ ಮಲಗಿದ.

ಪರದೆಯಲ್ಲಿ ಈ ಸಲ ಚೀಲ ಕಾಣಲಿಲ್ಲ. ಅಕ್ಕಿಕಾಳಿನಂಥ ಹೊಳೆಯುವ ಬಿಳಿ, ಅದರ ಕೆಳಗೆ ಕಪ್ಪು ನೆರಳು. ಮೇಧಾ ಅವನ ತೊಡೆಯ ಮೇಲೂ ಆಡಿಸಿದಳು. ಅಲ್ಲಿಯೂ ಒಂದು.

"ಇದೂ ಅದೇ," ಎಂದಳು. "ಸತ್ತು ಸುಣ್ಣ ಕಟ್ಟಿದೆ. ಹೀಗಾಗೋಕೆ ವರ್ಷಗಳೇ ಬೇಕು. ಯಾವತ್ತಾದ್ರೂ ಮೂರ್ಛೆ, ಫಿಟ್ಸ್ ಬಂದಿತ್ತಾ?"

"ಇಲ್ಲ," ಎಂದ ಓಂಕಾರಪ್ಪ ಹಾಸಿಗೆಯೊಳಗಿನಿಂದ.

"ಹಾಗಾದ್ರೆ ಹೆದರಬೇಡಿ. ಸತ್ತಿದ್ದು ಅದರಷ್ಟಕ್ಕೆ ಇರುತ್ತೆ."

ಕೂಸು ಸಾಲಿಗೆ ಹೋಗುವ ಮೊದಲು ಚರಣ್ ಕೊಡಗಿನಲ್ಲಿ ಎಲ್ಲೋ ಗೋಲಿ ಆಡುತ್ತಿದ್ದ. ಇದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಚರಣ್ ಏನಾದರೂ ಅಂದಾನೋ ಎಂದು ನನಗೆ ಅಳುಕು. ಅವನು ಅನ್ನಲಿಲ್ಲ. ಸಿಸ್ಟರ್ ಆಚೆ ಹೋಗಿದ್ದಳು, ಬಟ್ಟೆ ಅಲ್ಲೇ ಇತ್ತು. ಅದನ್ನು ತೆಗೆದುಕೊಂಡು ಮಾವನ ಬೆನ್ನಿನ ಅಂಟನ್ನು ಒರೆಸಿದ. ಓಂಕಾರಪ್ಪ ಒರೆಸಿಸಿಕೊಂಡ.

ಹೊರಗೆ ಬೆಂಚಿನ ಮೇಲೆ ಕೂತಾಗ ಚರಣ್ ಮಾತು ತೆಗೆದ. ನಾಳಿದ್ದು ಅವನ ಹಡಗು ಹೊರಡುತ್ತದೆ. ಗುಳಿಗೆ ಶುರುವಾದಾಗ ಹುಳ ಸಾಯುತ್ತ ತೋಳು ಊದಬಹುದು, ಜ್ವರ ಬರಬಹುದು, ಹತ್ತಿರ ಯಾರಾದರೂ ಇರಬೇಕೆಂದು ಡಾಕ್ಟರ್ ಹೇಳಿದ್ದಾರೆ.

"ನೀವೇ ಕರ್ಕೊಂಡು ಹೋಗಿ ಮಾವ. ಅಲ್ಲಿ ಅತ್ತೆ ಇದ್ದಾರೆ. ನಾನು ವಾಪಸ್ ಬಂದ ಮೇಲೆ..." ಎಂದು ನಿಲ್ಲಿಸಿದ. ವಾಪಸ್ ಬಂದ ಮೇಲೆ ಕರೆದುಕೊಂಡು ಬರಲು ಬಿಡುತ್ತೀರಾ ಎಂದು ಕೇಳುವ ಧೈರ್ಯ ಅವನಿಗೆ ಆಗಲಿಲ್ಲ. ಹೇಮಾಕ್ಷಿ ಅಪ್ಪನ ಮುಖವನ್ನೇ ನೋಡುತ್ತಿದ್ದಳು.

ನಿನ್ನೆಯಿಂದ ಓಂಕಾರಪ್ಪ ಹಟ ಹಿಡಿದು ಕೇಳುತ್ತಿದ್ದದ್ದನ್ನು ಅವನ ಕೈಗೇ ಇಟ್ಟ ಹಾಗಾಯಿತು. ಅವನು ತನ್ನ ಚಪ್ಪಲಿಯ ತುದಿ ನೋಡುತ್ತ ಕೂತ. ಆಸ್ಪತ್ರೆಯ ಮುಂದೆ ಒಂದು ಬಸ್ಸು ಬಂದು ಜನ ಇಳಿಸಿ ಹೋಯಿತು.

"ಡಾಕ್ಟರ್ ಇಲ್ಲೇ ಅದಾರ," ಎಂದ ಕೊನೆಗೆ. "ಮತ್ತ ಅಲ್ಲಿಗ್ಯಾಕ? ನಿನ್ನ ಮನ್ಯಾಗ ನಮ್ಮಿಬ್ಬರಿಗೆ ಮಲಗಾಕ ಜಾಗ ಐತೇನು?"

ಚರಣ್‌ಗೆ ಒಂದು ಗಳಿಗೆ ಅರ್ಥವಾಗಲಿಲ್ಲ. "ಇದೆ ಮಾವ. ಎರಡು ರೂಮಿದೆ. ಆದ್ರೆ..." ತಲೆ ಕೆರೆದುಕೊಂಡ. "ಫ್ರಿಜ್ಜಲ್ಲಿ ನಮ್ಮಮ್ಮ ಕಳಿಸಿದ ಹಂದಿ ಉಪ್ಪಿನಕಾಯಿ ಇದೆ. ಇವತ್ತೇ ಯಾರಿಗಾದ್ರೂ ಕೊಟ್ಟುಬಿಡ್ತೀನಿ."

"ಅದರದೂ ಉಪ್ಪಿನಕಾಯಿ ಹಾಕ್ತೀರಾ ನೀವು?"

"ಹಾಕ್ತೀವಿ ಮಾವ. ಚೆನ್ನಾಗಿ ಬೇಯಿಸಿ."

ಹೇಮಾಕ್ಷಿಗೆ ನಗು ತಡೆಯಲಾಗಲಿಲ್ಲ. ಓಂಕಾರಪ್ಪನಿಗೆ ನಗು ಬರಲಿಲ್ಲ, ಆದರೆ ಸಿಟ್ಟೂ ಬರಲಿಲ್ಲ.

"ಇರಲಿ ಬಿಡು. ನಿಮ್ಮವ್ವ ಕಳಿಸ್ಯಾಳ. ಡಬ್ಬಿ ಬಿಗಿ ಮುಚ್ಚಿಡು, ಸಾಕು."

ಹಾಗೆ ನಾವು ಆ ಮನೆಗೆ ಹೋದೆವು. ಚರಣ್ ಹಡಗಿಗೆ ಹೋದ. ಗುಳಿಗೆ ಶುರುವಾದ ಮೇಲೆ ಹೇಮಾಕ್ಷಿಯ ತೋಳು ಕೆಂಪಗೆ ಊದಿಕೊಂಡಿತು, ಮೈ ಸುಟ್ಟಿತು. ಓಂಕಾರಪ್ಪ ಮಗಳ ಹತ್ತಿರದಿಂದ ಏಳಲಿಲ್ಲ. ಮೇಧಾಗೆ ಫೋನು ಮಾಡಿದರೆ, ಹೀಗಾಗುವುದು ಸಹಜ, ಊತ ಇಳಿಸುವ ಗುಳಿಗೆ ಬಿಡದೆ ಕೊಡಿ, ತಲೆನೋವು ಬಂದರೆ ಮಾತ್ರ ತಕ್ಷಣ ಬನ್ನಿ ಎಂದಳು. ತಲೆನೋವು ಬರಲಿಲ್ಲ. ವಾರದೊಳಗೆ ಊತ ಇಳಿಯಿತು. ನಾನು ಮೆಂತ್ಯವನ್ನು ಬೇಯಿಸಿಯೇ ಹಾಕುತ್ತಿದ್ದೆ. ಓಂಕಾರಪ್ಪ "ಇದು ರೋಗಿ ಊಟ" ಎಂದು ಗೊಣಗುತ್ತಲೇ ತಟ್ಟೆ ಬಳಿಯುತ್ತಿದ್ದ.

ಹಡಗು ಯಾವುದೋ ಬಂದರಿಗೆ ಬಂದಾಗ ಚರಣ್ ಫೋನು ಮಾಡುತ್ತಿದ್ದ. ಅವನ ಉಳಿದ ಪರೀಕ್ಷೆಗಳಲ್ಲೂ ಏನೂ ಇರಲಿಲ್ಲ ಎಂಬ ಸುದ್ದಿಯನ್ನು ಅವನಿಗೆ ಹೇಳಿದ್ದು ಓಂಕಾರಪ್ಪನೇ. "ನಿನ್ನ ಹೊಟ್ಟಿ ನಮ್ಮದಕ್ಕಿಂತ ಛಲೋ ಐತಂತ," ಎಂದು ಫೋನನ್ನು ಮಗಳ ಕೈಗೆ ಕೊಟ್ಟ.

ಚರಣ್ ಬಂದ ಮರುದಿನ ಎಲ್ಲರೂ ಮತ್ತೆ ಸ್ಕ್ಯಾನಿಗೆ ಹೋದೆವು. ಮೇಧಾ ಬಹಳ ಹೊತ್ತು ಹುಡುಕಿದಳು. ಚೀಲ ಬತ್ತಿ ಒಂದು ಗೀರಿನಷ್ಟಾಗಿತ್ತು. ಒಳಗೆ ಚುಕ್ಕೆ ಇರಲಿಲ್ಲ.

"ತಲೆ ಹೋಗಿದೆ," ಎಂದಳು. "ಇನ್ನು ಮೈ ತಾನೇ ನೋಡ್ಕೊಳ್ಳುತ್ತೆ. ಕೆಲವು ತಿಂಗಳು ಬಿಟ್ಟು ಒಮ್ಮೆ ಬನ್ನಿ."

ಚರಣ್ ಬಾಗಿಲ ಹತ್ತಿರ ಹಿಂದೆ ನಿಂತಿದ್ದ. "ಅಲ್ಲಿಂದ ಏನು ಕಾಣ್ತೈತಿ? ಮುಂದ ಬಾ," ಎಂದು ಓಂಕಾರಪ್ಪ ತಾನು ಪಕ್ಕಕ್ಕೆ ಸರಿದು ಅವನಿಗೆ ಪರದೆಯ ಮುಂದೆ ಜಾಗ ಮಾಡಿದ.

ಹೊರಗೆ ಬಂದು ಓಂಕಾರಪ್ಪ ಹೇಮಾಕ್ಷಿ, ಚರಣ್ ಇಬ್ಬರನ್ನೂ ಆಟೋದಲ್ಲಿ ಕೂರಿಸಿ ಮನೆಗೆ ಕಳಿಸಿದ. ನನ್ನನ್ನು ರೈತು ಬಜಾರಿಗೆ ಕರೆದುಕೊಂಡು ಹೋದ. ಬದನೆಕಾಯಿ ರಾಶಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಒಂದೊಂದನ್ನೇ ತಿರುವಿ ನೋಡತೊಡಗಿದ. ಮಾರುವವಳಿಗೆ ಬೇಸರವಾಯಿತು.

"ಎಂತಸೇಪು ಚೂಸ್ತಾರು ಬಾಬಾಯ್?" ಎಷ್ಟು ಹೊತ್ತು ನೋಡುತ್ತೀರಿ ಚಿಕ್ಕಪ್ಪಾ ಎಂದಳು.

"ಮಾ ಅಲ್ಲುಡು ವಚ್ಚಾಡಮ್ಮಾ," ಎಂದ ಓಂಕಾರಪ್ಪ. ನಮ್ಮ ಅಳಿಯ ಬಂದಿದ್ದಾನೆ. "ಲೇತವಿ ಇವ್ವು."

ಎಳೆಯವು ಕೊಡು ಎಂದು ಕೇಳಿದ್ದಕ್ಕೆ ಅವಳು ಮೊರದ ಕೆಳಗಿಂದ ಬೇರೆಯವನ್ನು ತೆಗೆದಳು. ಓಂಕಾರಪ್ಪ ಚೀಲದ ಬಾಯಿ ಅಗಲಿಸಿ ಹಿಡಿದ.